ವನವಾಸ ಅಂದ ಹುಡುಗನಿಗೆ ಬೀದರ್‌ನ ಖಾನಾವಳಿಯಿಂದ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರಗಳ ಅಂಕಣದಲ್ಲಿ ಬೀದರ್‌ನಲ್ಲಿ ಓದುತ್ತಿರುವ ಹುಡುಗನೊಬ್ಬ ಬರೆದಿದ್ದ. ಇಲ್ಲಿ ಮಾಲ್ ಇಲ್ಲ, ಸಂಜೆ ಕೂರಲು ಜಾಗವಿಲ್ಲ, ಭಾನುವಾರ ಬಂದರೆ ಹಾಸ್ಟೆಲ್ ಗೋಡೆ ನೋಡುತ್ತ ಮಲಗಬೇಕು, ಕೋಟೆಯನ್ನು ಒಂದು ಸಲ ನೋಡಿ ಮುಗಿಸಿದ ಮೇಲೆ ಉಳಿದದ್ದೆಲ್ಲ ವನವಾಸ ಅಂತ. ಅದನ್ನು ಓದುವಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಪೇಪರಿನ ಆ ಮೂಲೆಗೆ ಜೋಳದ ಹಿಟ್ಟು ಹತ್ತಿದೆ. ಅಷ್ಟನ್ನೇ ಕತ್ತರಿಸಿಟ್ಟುಕೊಂಡು ಈ ಉತ್ತರ ಬರೆಯುತ್ತಿದ್ದೇನೆ.

ನಾನು ಹಳೆ ಊರಿನಲ್ಲಿ 18 ವರ್ಷದಿಂದ ಖಾನಾವಳಿ ನಡೆಸುತ್ತೇನೆ. ಪಶುವೈದ್ಯಕೀಯದವರು, ಇಂಜಿನಿಯರಿಂಗ್‌ನವರು, ಮೆಡಿಕಲ್‌ನವರು ಎಲ್ಲ ನನ್ನ ಬೆಂಚಿನ ಮೇಲೆ ಕೂತು ಉಂಡವರೇ. ಮಂಡ್ಯದ ಕಡೆಯಿಂದ ಬಂದವನು ಮೊದಲ ವಾರ "ಆಂಟಿ, ಮುದ್ದೆ ಮಾಡಲ್ವಾ?" ಅಂತ ಮುಖ ಸಣ್ಣದು ಮಾಡುತ್ತಾನೆ. ಮೂರನೇ ತಿಂಗಳಿಗೆ ಅದೇ ಹುಡುಗ ಪುಂಡಿಪಲ್ಯ ಎರಡನೇ ಸಲ ಹಾಕಿಸಿಕೊಂಡು, ಮೇಲೊಂದು ಹಸಿ ಉಳ್ಳಾಗಡ್ಡಿ ಗುದ್ದಿಸಿಕೊಂಡು ತಿನ್ನುತ್ತಾನೆ. ನಾಲಿಗೆ ಇಷ್ಟು ಬೇಗ ಈ ಊರಿನದಾಗುತ್ತದೆ, ಕಾಲು ಮಾತ್ರ ಆಗುವುದಿಲ್ಲ. ಡಿಗ್ರಿ ಮುಗಿಸಿ ಗಂಟುಮೂಟೆ ಕಟ್ಟಿ ಉದ್ರಿ ತೀರಿಸಲು ಬಂದಾಗ ನಾನು ಒಂದು ಮಾತು ಕೇಳುತ್ತೇನೆ: ಗವಾನನ ಮದರಸಾ, ನಮ್ಮೂರ ಆ ಹಳೆ ವಿದ್ಯಾಲಯ, ಅದರ ಒಳಗೆ ಹೋಗಿದ್ದೆಯೇನಪ್ಪ? ಹೆಚ್ಚಿನವರ ಉತ್ತರ ಒಂದೇ. "ಆಟೋದಲ್ಲಿ ಹೋಗ್ತಾ ನೋಡಿದೀನಿ ಆಂಟಿ."

ಆ ಹುಡುಗರನ್ನು ಬೈಯುವುದಕ್ಕೆ ಈ ಪತ್ರವಲ್ಲ. ತೋರಿಸಬೇಕಾದವರು ತೋರಿಸಲಿಲ್ಲ ಅನ್ನುವುದು ನನ್ನ ತಕರಾರು.

ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಈ ಶತಮಾನದ್ದು. ಬೀದರ್ ವಿಶ್ವವಿದ್ಯಾಲಯ ಬಂದದ್ದು ಮೊನ್ನೆ ಮೊನ್ನೆ, 2023ರಲ್ಲಿ. ಆದರೆ ದೂರದ ಊರುಗಳಿಂದ ಹುಡುಗರು ಗಂಟು ಹೊತ್ತುಕೊಂಡು ಓದಲು ಬೀದರ್‌ಗೆ ಬರುವುದು ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದಾಗಿನಿಂದ ಇದೆ. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು ಅವನು. ಉದ್ದ 205 ಅಡಿ, ಅಗಲ 180 ಅಡಿ, ಮೂರು ಅಂತಸ್ತು. ನಡುವೆ ಅಂಗಳ, ಸುತ್ತ ಕೋಣೆಗಳು, ಪಾಠದ ದೊಡ್ಡ ಹಜಾರಗಳು, ಮಸೀದಿ, ಗ್ರಂಥಾಲಯ. ಅಲ್ಲಿ 3,000 ಪುಸ್ತಕಗಳಿದ್ದವು ಎನ್ನುತ್ತಾರೆ, ಅದೂ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಗಿದ್ದ ಕಾಲದಲ್ಲಿ. ನಾನು ಒಳಗೆ ಹೋದಾಗಲೆಲ್ಲ ನನ್ನ ಕಣ್ಣು ಮಾತ್ರ ಅಡುಗೆಮನೆ ಎಲ್ಲಿತ್ತು ಅಂತ ಹುಡುಕುತ್ತದೆ. ಇಷ್ಟು ಹುಡುಗರಿಗೆ ದಿನಕ್ಕೆ ಎರಡು ಹೊತ್ತು ಬೇಯಿಸಿ ಹಾಕಿದವರು ಯಾರೋ ಇದ್ದೇ ಇರಬೇಕಲ್ಲ. ಅವರ ಹೆಸರನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ, ಇರಲಿ.

ಈಗ ಅಲ್ಲಿ ಹೋದರೆ ಅರ್ಧ ಕಟ್ಟಡ ಮಾತ್ರ ಕಾಣುತ್ತದೆ. ಮುಂದಿನ ಎರಡು ಮಿನಾರಗಳಲ್ಲಿ ಒಂದು ಉಳಿದಿದೆ. ಅದರ ಮೈಮೇಲೆ ನೀಲಿ, ಹಳದಿ, ಬಿಳಿ ಹೆಂಚಿನ ಬಿಲ್ಲೆಗಳು ಅಲ್ಲಲ್ಲಿ ಹಾವಿನ ನಡೆಯ ಹಾಗೆ ಅಂಕುಡೊಂಕಾಗಿ ಉಳಿದುಕೊಂಡಿವೆ. ಬೆಳಿಗ್ಗೆ ಏಳರ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ, ಆ ಹೊತ್ತಿನಲ್ಲಿ ನೋಡಬೇಕು. ಉಳಿದರ್ಧ ಏನಾಯಿತು ಅಂದರೆ, ಔರಂಗಜೇಬನ ಕಾಲದಲ್ಲಿ ಪಾಠದ ಕೋಣೆಗಳಲ್ಲಿ ಮದ್ದು ತುಂಬಿಟ್ಟಿದ್ದರು. 1696ರಲ್ಲಿ ಸಿಡಿಲು ಬಿತ್ತು, ಮದ್ದು ಸಿಡಿಯಿತು. ಓದುವ ಕೋಣೆಯನ್ನು ಗೋದಾಮು ಮಾಡುವ ಚಟ ನಮ್ಮಲ್ಲಿ ಇವತ್ತು ನಿನ್ನೆಯದಲ್ಲ ನೋಡಿ.

ಇದೇ ಗವಾನನಿಗೆ ಅವನ ಸುಲ್ತಾನನೇ 1481ರಲ್ಲಿ ಮರಣದಂಡನೆ ಕೊಟ್ಟ. ವೈರಿಗಳು ಅವನ ಮೊಹರು ಹಾಕಿದ ಸುಳ್ಳು ಪತ್ರ ತಯಾರು ಮಾಡಿ ತೋರಿಸಿದರು, ಸುಲ್ತಾನ ನಂಬಿಬಿಟ್ಟ. ಸತ್ತ ಮೇಲೆ ಖಜಾನೆ ತೆಗೆಸಿ ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲವಂತೆ. ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಗಡಿಗೆಯಲ್ಲಿ ಅಡುಗೆ ಮಾಡಿಸಿ ಉಣ್ಣುತ್ತಿದ್ದ ಅಂತ ಹಳೆಯ ಚರಿತ್ರಕಾರರು ಬರೆದಿದ್ದಾರೆ. ಅವನ ಗೋರಿ ಊರ ಹೊರಗೆ ಗೋರನಳ್ಳಿಯ ಹತ್ತಿರ ಇದೆ. ಸುಲ್ತಾನರ ಗುಮ್ಮಟಗಳನ್ನು ನೋಡಿದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಸಾದಾ.

ಆ ಕಾಲದಲ್ಲೇ ರಷ್ಯಾದ ಅಫನಾಸಿ ನಿಕಿತಿನ್ ಎನ್ನುವ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ಹಡಗು ಹತ್ತಿ ಬಂದಿದ್ದ. ದಾರಿಯಲ್ಲಿ ಜುನ್ನರದಲ್ಲಿ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡ, ಆಮೇಲೆ ವಾಪಸ್ ಸಿಕ್ಕಿತು, ಕೊನೆಗೆ ಅದನ್ನು ಮಾರಿದ್ದು ನಮ್ಮ ಬೀದರ್‌ನಲ್ಲಿ. ಈ ಕಥೆಯನ್ನು ನಾನು ಪಶುವೈದ್ಯಕೀಯದ ಹುಡುಗರಿಗೆ ತಪ್ಪದೆ ಹೇಳುತ್ತೇನೆ. ಒಬ್ಬ ಹುಡುಗಿ "ಅಷ್ಟು ದೂರ ಹಡಗಿನಲ್ಲಿ ಕುದುರೆಗೆ ಮೇವು ಏನು ಹಾಕಿದನೋ ಆಂಟಿ" ಅಂದಳು. ಅಂಥ ಪ್ರಶ್ನೆ ಕೇಳುವವರು ಮುಂದೆ ಒಳ್ಳೆಯ ಡಾಕ್ಟರ್ ಆಗುತ್ತಾರೆ.

ಕೋಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಬರುತ್ತಾರೆ. ಆದರೆ ರಂಗೀನ್ ಮಹಲ್ ನೋಡದೆ ಬಂದರೆ ಕೋಟೆಗೆ ಹೋದ ಹಾಗೇ ಅಲ್ಲ. ಬೀಗ ಹಾಕಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಮರ್ಯಾದೆಯಿಂದ ಕೇಳಬೇಕು. ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ತಲೆಯನ್ನು ಸ್ವಲ್ಪ ಆ ಕಡೆ ಈ ಕಡೆ ಮಾಡಿದರೆ ಚಿಪ್ಪು ಒಮ್ಮೆ ಗುಲಾಬಿ, ಒಮ್ಮೆ ಹಸಿರು. ಫೋಟೋದಲ್ಲಿ ಅದು ಬರುವುದೇ ಇಲ್ಲ. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಹುಲಿಯ ಬೆನ್ನ ಹಿಂದೆ ಹುಟ್ಟುವ ಸೂರ್ಯ ಇದ್ದಾನೆ, ಅದನ್ನೂ ಹುಡುಕಿ.

ನಾನು ಹೇಳಬೇಕೆಂದಿರುವುದು ಕೋಟೆಯ ಮಣ್ಣಿನ ವಿಷಯ.

ನಮ್ಮ ಓಣಿಯಲ್ಲಿ ಬಿದ್ರಿ ಕೆಲಸದ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಕೆಲಸದ, ಒಂದು ಸಣ್ಣ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ಒಂದು ಪಡಸಾಲೆ, ನಾಲ್ಕು ಜನ, ಒಂದು ಕುಲುಮೆ. ಅಲ್ಲಿನ ಚಾಚಾ ನಾನು ಸಣ್ಣವಳಿದ್ದಾಗಿನಿಂದ ಅದೇ ಮಣೆಯ ಮೇಲೆ ಕೂತಿದ್ದಾರೆ. ಹೋದ ವರ್ಷ ನಾಲ್ಕು ಇಂಜಿನಿಯರಿಂಗ್ ಹುಡುಗರನ್ನು ಕರೆದುಕೊಂಡು ಹೋದೆ. ಸತುವು 16 ಪಾಲು, ತಾಮ್ರ 1 ಪಾಲು ಕರಗಿಸುತ್ತಾರೆ. ಎರಕದ ಅಚ್ಚು ಮಾಡುವುದು ಕೆಂಪು ಮಣ್ಣಿಗೆ ಹರಳೆಣ್ಣೆ, ರಾಳ ಕೂಡಿಸಿ. ಎರಕ ತೆಗೆದು, ಅರ ಹಾಕಿ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಕೊರೆದರೆ ಬೆಳ್ಳಗೆ ಎದ್ದು ಕಾಣಲಿ ಅಂತ. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂಡಿಸಿ, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಬಡಿದು, ಮತ್ತೆ ಉಜ್ಜುತ್ತಾರೆ. ಇಷ್ಟೆಲ್ಲ ಆದ ಮೇಲೆ ಕೈಗೆ ಬರುವ ಹೂದಾನಿ ನೋಡಿದರೆ ಹುಡುಗರಿಗೆ ನಿರಾಶೆ. ಎಲ್ಲ ಬೂದಿ ಬಣ್ಣ, ಬೆಳ್ಳಿ ಎಲ್ಲಿದೆ, ಸತುವು ಎಲ್ಲಿದೆ ಗೊತ್ತಾಗುವುದಿಲ್ಲ.

ಆಗ ಚಾಚಾ ಮೂಲೆಯಲ್ಲಿದ್ದ ಡಬ್ಬಿ ತೆಗೆದರು. ಅದರಲ್ಲಿ ಕೋಟೆಯೊಳಗಿನ ಹಳೆಯ ಕಟ್ಟಡಗಳ ಕಡೆಯ ಮಣ್ಣು. ಬಿಸಿಲು, ಮಳೆ ತಾಕದೆ ನೂರಾರು ವರ್ಷ ಬಿದ್ದಿದ್ದ ಮಣ್ಣು. ಒಂದು ಚಿಟಿಕೆ ತೆಗೆದು ತಮ್ಮ ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ತುಪುಕ್ ಅಂತ ಉಗಿದರು. ಆಮೇಲೆ ಒಬ್ಬ ಹುಡುಗನ ಕಡೆ ಕೈ ಚಾಚಿದರು.

"ತಗೋ ಬೇಟಾ, ನಾಲಗಿ ಮ್ಯಾಲ ಇಟ್ಟ ನೋಡು. ಚುರ್ ಅಂದ್ರ ಕೆಲಸದ ಮಣ್ಣು. ಸಪ್ಪಗ ಇದ್ರ ಹೊಲಕ್ಕ ಹಾಕು."

ಹುಡುಗ ನನ್ನ ಮುಖ ನೋಡಿದ. ನಾನು ತಿನ್ನು ಅಂದೆ. ದಿನಾ ನನ್ನ ಸಾರು ಉಣ್ಣುವವನಿಗೆ ಒಂದು ಚಿಟಿಕೆ ಮಣ್ಣು ಏನು ಮಹಾ. ಅವನು ಇಟ್ಟುಕೊಂಡ, ಮುಖ ಹಿಂಡಿದ, ಜೊತೆಯವರು ಬಿದ್ದು ಬಿದ್ದು ನಕ್ಕರು. ಚಾಚಾ ನಗಲಿಲ್ಲ. ಮಣ್ಣಿಗೆ ನವಸಾಗರ ಕೂಡಿಸಿ ನೀರಿನಲ್ಲಿ ಕುದಿಸಿದರು. ಹೂದಾನಿಯನ್ನು ಬಿಸಿ ಮಾಡಿ ಆ ರಾಡಿಯಲ್ಲಿ ಮುಳುಗಿಸಿ ತಿರುಗಿಸಿದರು, ತೆಗೆದು ನೀರಿನಲ್ಲಿ ತೊಳೆದರು. ಸತುವಿನ ಮೈಯೆಲ್ಲ ಕಾಡಿಗೆ ಕಪ್ಪು. ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ, ಬಳ್ಳಿ, ಎಲೆ, ಹೂವು ಎಲ್ಲ ಒಂದೇ ಸಲಕ್ಕೆ ಕಣ್ಣು ಬಿಟ್ಟ ಹಾಗೆ. ಮೇಲೆ ಎರಡು ಹನಿ ಎಣ್ಣೆ ಹಚ್ಚಿ ಒರೆಸಿ ಕೈಗೆ ಕೊಟ್ಟರು. ಮಣ್ಣು ನೆಕ್ಕಿದ ಹುಡುಗ ಕೇಳಿದ, "ಲ್ಯಾಬ್‌ನಲ್ಲಿ ಇದೇ ಮಿಶ್ರಣ ಮಾಡಿದರೆ ಮಣ್ಣೇ ಬೇಕಾಗಲ್ಲ ಅಲ್ವಾ?" ಚಾಚಾ ಅಂದರು, "ಮಾಡು. ಮಾಡಿ ತಂದು ತೋರ್ಸು." ಆ ಹುಡುಗ ಮುಂದಿನ ಎರಡು ತಿಂಗಳು ಸಂಜೆಯೆಲ್ಲ ಆ ಪಡಸಾಲೆಯಲ್ಲೇ ಕಳೆದ. ವನವಾಸ ಅಂತ ಅವನ ಬಾಯಲ್ಲಿ ನಾನು ಕೇಳಿಲ್ಲ.

ಬಿದ್ರಿಗೆ 2006ರಲ್ಲಿ ಜಿಐ ಗುರುತು (ಇದು ಈ ಊರಿನದೇ ಕಸುಬು ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಈ ಊರಿನ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಇವನ್ನು ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಕಾರ್ಖಾನೆ ಇರುವುದು ಹಾಸ್ಟೆಲ್‌ನಿಂದ 20 ರೂಪಾಯಿ ಆಟೋ ದೂರ.

ಇನ್ನು ನೀರು. ಬೇಸಿಗೆಯಲ್ಲಿ ನನ್ನ ಖಾನಾವಳಿಗೆ ಟ್ಯಾಂಕರ್ ತರಿಸುತ್ತೇನೆ, ಹಾಗಾಗಿ ನೌಬಾದ್‌ನ ಕರೇಜ್ ನೋಡುವಾಗ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಇದು ನೆಲದೊಳಗೆ ತೋಡಿದ ಸುರಂಗ, ಪರ್ಶಿಯಾದ ಕಡೆಯ ವಿದ್ಯೆ, ಬಹಮನಿಯವರ ಕಾಲದ್ದು. ನಮ್ಮ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ಮಳೆ ನೀರನ್ನು ಸೋಸಿ ಕೆಳಗೆ ಬಿಡುತ್ತದೆ, ಅದರಡಿಯ ಕರಿಕಲ್ಲು ತಡೆದು ನಿಲ್ಲಿಸುತ್ತದೆ. ಅಲ್ಲಿ ಸುರಂಗ ತೋಡಿ ಸಣ್ಣಗೆ ಇಳಿಜಾರು ಕೊಟ್ಟರೆ ನೀರು ತಾನಾಗಿ ಹರಿದು ಬೇಕಾದಲ್ಲಿಗೆ ಬರುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಸುರಂಗಕ್ಕೆ ಗಾಳಿ ಬೆಳಕಿಗೆ, ಹೂಳು ತೆಗೆಯುವುದಕ್ಕೆ ಅಂತ ಮೇಲಿನಿಂದ ಸಾಲಾಗಿ ಬಾವಿಯಂಥ ಕಿಂಡಿಗಳು. ಜನ ಎಷ್ಟೋ ವರ್ಷ ಅವನ್ನು ಬರೀ ಹಾಳು ಬಾವಿ ಅಂತ ತಿಳಿದು ಕಸ ಹಾಕಿದ್ದರು. ನಾನೂ ಸಣ್ಣವಳಿದ್ದಾಗ ಒಂದರಲ್ಲಿ ಕಲ್ಲು ಹಾಕಿ ಸದ್ದು ಕೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಚಿನ ವರ್ಷಗಳಲ್ಲಿ ತೆಗೆಸಿ ಸ್ವಚ್ಛ ಮಾಡಿದ್ದಾರೆ. ಸಿವಿಲ್ ಇಂಜಿನಿಯರಿಂಗ್ ಓದುವವರು ಇದನ್ನು ನೋಡದೆ ಹೋದರೆ ಯಾರ ತಪ್ಪು?

ಅಷ್ಟೂರಿಗೆ ಹೋದರೆ ಅರ್ಧ ದಿನ ಇಟ್ಟುಕೊಳ್ಳಬೇಕು. ಊರಿನಿಂದ ಮೂರು ಕಿಲೋಮೀಟರ್, ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. ಹುಮಾಯೂನ್ ಎಂಬ ಸುಲ್ತಾನನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಒಡೆದು ನಿಂತಿದೆ, ಕೊಯ್ದಿಟ್ಟ ಕಲ್ಲಂಗಡಿಯ ಹಾಗೆ ಒಳಗೋಡೆಯ ದಪ್ಪ ಕಾಣುತ್ತದೆ. (ಕ್ರೂರಿ ಅಂತ ಹೆಸರಾದವನು ಅವನು. ಸಿಡಿಲಿಗೂ ಗೊತ್ತಿತ್ತು ಅನ್ನುತ್ತಾರೆ ನಮ್ಮ ಕಡೆ. ಹಾಗಾದರೆ ಮದರಸಾ ಏನು ಪಾಪ ಮಾಡಿತ್ತು ಅಂತ ನಾನು ಕೇಳುತ್ತೇನೆ.) ಅಹ್ಮದ್ ಷಾ ವಲಿಯ ಗೋರಿಯ ಒಳಗೆ ಕತ್ತಲೆ. ನಾವು ಹೋದಾಗ ಅಲ್ಲಿದ್ದ ಹಿರಿಯರೊಬ್ಬರು ಬಾಗಿಲ ಹೊರಗೆ ನಿಂತು ಒಂದು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿದರು. ಗುಮ್ಮಟದ ಒಳಮೈ ಮೇಲೆ ಬೆಳಕಿನ ತುಣುಕು ಸರಿದಲ್ಲೆಲ್ಲ ಕುಂಕುಮದ ಬಣ್ಣ, ಬಂಗಾರದ ಅಕ್ಷರ. ಕನ್ನಡಿ ತಿರುಗಿಸಿದರೆ ಮತ್ತೆ ಕತ್ತಲು. ಆರು ಜನ ಹುಡುಗರು ಮೊಬೈಲ್ ಮರೆತು ಕತ್ತು ಎತ್ತಿ ನಿಂತದ್ದನ್ನು ನಾನು ನೋಡಿದ್ದು ಅವತ್ತೇ.

ಅಲ್ಲಿನ ಉರುಸು ನಡೆಯುವುದು ಹೋಳಿ ಹುಣ್ಣಿಮೆ ಆದ ಮೇಲೆ, ನಮ್ಮ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು, ಶಂಖ ಊದಿಸಿ, ಕಾಯಿ ಒಡೆದು, ಹೂ ಏರಿಸಿ ಅದನ್ನು ನಡೆಸಿಕೊಡುತ್ತಾರೆ. ನಮ್ಮ ಅವ್ವ ಆ ಗೋರಿಯನ್ನು ಅಲ್ಲಮಪ್ರಭುವಿನ ಗದ್ದುಗೆ ಅಂತಲೇ ಕರೆಯುತ್ತಿದ್ದಳು. ಪಕ್ಕದ ಮನೆಯ ಖಾಲಾ ವಲಿ ಸಾಹೇಬರು ಅನ್ನುತ್ತಿದ್ದರು. ಇಬ್ಬರೂ ಒಂದೇ ಟಾಂಗಾದಲ್ಲಿ ಹೋಗಿ ಒಂದೇ ಟಾಂಗಾದಲ್ಲಿ ಬರುತ್ತಿದ್ದರು.

ನರಸಿಂಹ ಝರಣಿಯ ಬಗ್ಗೆ ಹೇಳುವುದಿಲ್ಲ ಅಂದುಕೊಂಡಿದ್ದೆ. ಗವಿಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ, ತಲೆಯ ಮೇಲೆ ಬಾವಲಿ. ನಮ್ಮ ಹುಡುಗನೊಬ್ಬ ವಿಡಿಯೋ ಮಾಡಲು ಕೈ ಎತ್ತಿ ಹಿಡಿದ ಮೊಬೈಲ್ ನೀರುಪಾಲಾಯಿತು. ಅಷ್ಟೇ ಸಾಕು. ಗುರುದ್ವಾರ ನಾನಕ್ ಝೀರಾ ಹುಡುಗರಿಗೆ ಗೊತ್ತಿದೆ, ನಾನು ಖಾನಾವಳಿಗೆ ರಜೆ ಕೊಟ್ಟ ದಿನ ಲಂಗರ್‌ಗೆ ಅಲ್ಲಿಗೇ ಹೋಗುತ್ತಾರೆ. ಆದರೆ ಗುರು ಗೋವಿಂದ ಸಿಂಗರು ಮೊದಲು ದೀಕ್ಷೆ ಕೊಟ್ಟ ಐವರು ಶಿಷ್ಯರಲ್ಲಿ, ಅಂದರೆ ಪಂಚ ಪ್ಯಾರೆಗಳಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು, ಕ್ಷೌರಿಕ ವೃತ್ತಿಯವರು ಅಂತ ಎಷ್ಟು ಜನಕ್ಕೆ ಗೊತ್ತು?

ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗವಿ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ಬಳುಕಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದದ್ದು ದೊರೆ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲು, ಇವತ್ತಿಗೂ ಅಕ್ಷರ ಹಾಗೇ ಇದೆ. ಒಂಬೈನೂರು ವರ್ಷದ ಹಿಂದೆ ಒಬ್ಬ ಶಿಲ್ಪಿಗೆ ಹೆಣ್ಣಿನ ಕೈಯಲ್ಲಿ ಕನ್ನಡಿ ಕೊಡುವುದು ಬಿಟ್ಟು ಬರೆಯುವ ಕೆಲಸ ಕೊಡಬೇಕು ಅನ್ನಿಸಿತಲ್ಲ! ನಾನೂ ದಿನಾ ರಾತ್ರಿ ಬರೆಯುತ್ತೇನೆ, ಉದ್ರಿ ಲೆಕ್ಕ. ಅವಳ ಮುಂದೆ ನಿಂತಾಗ ಸ್ವಲ್ಪ ನಾಚಿಕೆ, ಸ್ವಲ್ಪ ಹೆಮ್ಮೆ.

ಇಷ್ಟು ಹೇಳಿ ತಕರಾರಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಾಲೇಜಿಗೆ ನಾನೇ ಹೋಗಿದ್ದೆ. ಹೊಸ ಹುಡುಗರು ಬಂದಾಗ ಮೊದಲ ಭಾನುವಾರ ಹಳೆ ಊರು ಸುತ್ತಿಸಿ, ಚೌಬಾರಾ ಗೋಪುರದಿಂದ ಮದರಸಾ, ಅಲ್ಲಿಂದ ಕೋಟೆ, ಎಲ್ಲ ನಡೆದು ಹೋಗುವ ದೂರ, ನಾನು ಬುತ್ತಿ ಕಟ್ಟಿ ಕೊಡುತ್ತೇನೆ, ದುಡ್ಡು ಬೇಡ ಅಂದೆ. ಅಲ್ಲಿ ಕೂತಿದ್ದವರು ತಲೆ ಎತ್ತದೆ "ಸಿಲೆಬಸ್‌ನಾಗ ಇಲ್ಲಲ್ಲ ಅಕ್ಕೋರ" ಅಂದರು. ಆಮೇಲೆ "ನಿಮ್ಮ ಖಾನಾವಳಿ ಜಾಹೀರಾತೇನು?" ಅಂತ ಒಂದು ನಗೆ. ಅದೇ ಕಾಲೇಜಿನವರು ವರ್ಷಕ್ಕೊಮ್ಮೆ ಬಸ್ ಮಾಡಿಸಿ ಹುಡುಗರನ್ನು ಹೈದರಾಬಾದ್‌ಗೆ ಚಾರ್ಮಿನಾರ್ ನೋಡಲು ಕರೆದೊಯ್ಯುತ್ತಾರೆ. ಚಾರ್ಮಿನಾರ್ ಕಟ್ಟಿದ್ದು 1591ರಲ್ಲಿ. ಆಗ ನಮ್ಮ ಮದರಸಾಕ್ಕೆ ನೂರು ವರ್ಷ ದಾಟಿತ್ತು.

ಜಿಲ್ಲೆಯ ಎಲ್ಲ ಕಾಲೇಜುಗಳ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟೇ: ಕಾಲೇಜಿನ ಹೊಸ ವರ್ಷದ ಮೊದಲ ಭಾನುವಾರವನ್ನು ಊರಿಗೆ ಕೊಡಿ. ರ್‍ಯಾಗಿಂಗ್ ಬೇಡ ಅಂತ ಭಾಷಣ ಮಾಡುವ ದಿನವೇ ಇದನ್ನೂ ಮಾಡಬಹುದು, ಹಿರಿಯ ಹುಡುಗರೇ ಕಿರಿಯರಿಗೆ ತೋರಿಸಲಿ. ರಜೆ ದಿನ ಅಷ್ಟೂರಿಗೆ ಹೋಗಿ ಬರಲು ಒಂದು ಬಸ್ ಇದ್ದರೆ ಇನ್ನೂ ಒಳ್ಳೆಯದು. ಕಳೆದ ಶ್ರಾವಣದಲ್ಲಿ ಆಟೋ ಸಿಗದೆ ನಾವು ಮಳೆಯಲ್ಲಿ ನೆನೆಯುತ್ತ ನಡೆದು ಬಂದು, ಸೋಮವಾರ ಮೂವರು ಹುಡುಗರಿಗೆ ನಾನೇ ಶುಂಠಿ ಕಷಾಯ ಮಾಡಿ ಕುಡಿಸಬೇಕಾಯಿತು.

ಆ ಪತ್ರ ಬರೆದ ತಮ್ಮನಿಗೆ ಒಂದು ಮಾತು. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಚೌಬಾರಾದ ಕೆಳಗೆ ನಿಂತಿರುತ್ತೇನೆ. 71 ಅಡಿ ಎತ್ತರದ ಗೋಪುರ, ತಪ್ಪಿಸಿಕೊಳ್ಳಲು ನೆಪವಿಲ್ಲ. ಕೈಯಲ್ಲಿ ಈ ಪತ್ರಿಕೆ ಹಿಡಿದುಕೊಂಡು ಬಾ, ಗುರುತು ಸಿಗುತ್ತದೆ. ಸಜ್ಜಿರೊಟ್ಟಿ, ಶೇಂಗಾಹಿಂಡಿ, ಗಟ್ಟಿ ಮೊಸರು ನಾನು ತರುತ್ತೇನೆ. ನೀರಿನ ಬಾಟಲಿ ನಿನ್ನದು.

— ಖಾನಾವಳಿ ನಡೆಸುವ ಅಕ್ಕ, ಹಳೆ ಊರು, ಬೀದರ್